ಲಿನಕ್ಸ್ ಹಾಕಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲವೇ? ಬೂಟ್ ಮ್ಯಾನೇಜರ್ ಕೆಟ್ಟಾಗ ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು (ಎರಡೂ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ, ಅಂದರೆ ಓಎಸ್‌ನ, ಬಗೆಗಳು) ಹಾಕಿ ನೋಡೋಣ ಅಂತ ಹೊರಟವರು ನನ್ನ ಪರಿಚಯದವರಲ್ಲೇ ಎಷ್ಟೋ ಮಂದಿ. ಹೆಚ್ಚಿನವರಿಗೆ ಎಲ್ಲ ಸರಿಯಾಗಿಯೇ ಆಗುತ್ತದೆ. ಕೆಲವರಿಗೆ ಮಾತ್ರ ಕೊನೇ ಗಳಿಗೆಯಲ್ಲಿ ಕೈ ಕೊಡುತ್ತದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೂರು ಇಂಗ್ಲಿಷ್ ಪದ, ಮಿಣುಕುವ ಕರ್ಸರ್. ಆಗ ನನಗೆ ಫೋನ್ ಬರುತ್ತದೆ. ಆ ಫೋನ್‌ಗಳಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ.

ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಸಣ್ಣಕ್ಷರದಲ್ಲಿ. ಗೊಂದಲ ಆಗುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಅಂತ ಬಂದು ನಿಂತಿದೆ. ನನ್ನ ಫೋಟೋ, ಫೈಲ್ ಎಲ್ಲ ಹೋಯಿತಾ?

ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಏನೂ ಹೋಗಿರುವುದಿಲ್ಲ. ಇದನ್ನು ಮೊದಲು ನಂಬಿ, ಆಮೇಲೆ ಮುಂದಿನದು ಓದಿ.

ಬೂಟ್ ಮ್ಯಾನೇಜರ್ ಅನ್ನುವುದು ತುಂಬಾ ಚಿಕ್ಕ ಪ್ರೋಗ್ರಾಂ. ಪವರ್ ಬಟನ್ ಒತ್ತಿದ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ಎಲ್ಲಿದೆ ಅಂತ ಹುಡುಕಿ, ಅದರ ಕೈಗೆ ಯಂತ್ರ ಒಪ್ಪಿಸುವುದಷ್ಟೇ ಅದರ ಕೆಲಸ. ಲಿನಕ್ಸ್ ಜೊತೆ ಬರುವ ಬೂಟ್ ಮ್ಯಾನೇಜರ್‌ನ ಹೆಸರೇ ಗ್ರಬ್. ನಿಮ್ಮ ಫೈಲ್‌ಗಳು ಇರುವ ಜಾಗವೇ ಬೇರೆ. ಬೀಗದ ಕೈ ಕಳೆದಿದೆ, ಮನೆಯೊಳಗಿನ ಪಾತ್ರೆ ಪಗಡೆ ಇದ್ದಲ್ಲೇ ಇದೆ. ನಾನು ನೋಡಿದ ಹಾಗೆ ಫೈಲ್ ಕಳೆದುಕೊಂಡವರು ಕಳೆದುಕೊಂಡದ್ದು ಈ ಕಪ್ಪು ಪರದೆಯಿಂದ ಅಲ್ಲ. ಪರದೆ ನೋಡಿ ಗಾಬರಿಯಾಗಿ ಆಮೇಲೆ ಮಾಡಿದ ಕೆಲಸದಿಂದ.

ಹಾಗಾದರೆ ಈಗ ಏನು ಮಾಡಬಾರದು?

ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರೆ ಸರಿಹೋಗಬಹುದು ಅಂತ ಇನ್‌ಸ್ಟಾಲರ್ ಓಡಿಸಬೇಡಿ. ಅದರಲ್ಲಿ ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಅನ್ನುವ ಆಯ್ಕೆ ಇರುತ್ತದೆ. ಅವಸರದಲ್ಲಿ ಕೈ ಅದರ ಮೇಲೇ ಹೋಗುತ್ತದೆ. ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ’ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಲಿನಕ್ಸ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಲಿನಕ್ಸ್‌ಗೆಂದು ಬೇರ್ಪಡಿಸಿದ ಭಾಗ) ವಿಂಡೋಸ್‌ಗೆ ಅರ್ಥ ಆಗುವುದಿಲ್ಲ, ಅದಕ್ಕೇ ಹಾಗೆ ಕೇಳುತ್ತದೆ.

ಏನು ಬಂದಿದೆಯೋ ಅದರ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ‘ಏನೋ ಎರರ್ ಬಂತು’ ಅಂದರೆ ಯಾರೂ ಸಹಾಯ ಮಾಡಲು ಆಗುವುದಿಲ್ಲ. ಅಲ್ಲಿರುವ ಒಂದೊಂದು ಪದಕ್ಕೂ ಬೇರೆ ಬೇರೆ ಮದ್ದು ಇದೆ.

ಏನೂ ಟೈಪ್ ಮಾಡದೆ ಸರಿಯಾಗುವ ದಾರಿ ಇದೆಯಾ?

ಇದೆ, ಮತ್ತು ಮೊದಲು ಅದನ್ನೇ ನೋಡಬೇಕು. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಮೊದಲು ಬಯಾಸ್ (ಆನ್ ಆದ ಕೂಡಲೇ ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಆನ್ ಮಾಡಿರಬೇಕು.

ಬಂದ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮತ್ತು ‘ಉಬುಂಟು’ ಎರಡೂ ಇರಬಹುದು. (ಮಿಂಟ್ ಹಾಕಿದ್ದರೂ ಅಲ್ಲಿ ಉಬುಂಟು ಅಂತಲೇ ಕಾಣುತ್ತದೆ, ಗಾಬರಿ ಬೇಡ.) ಬೇಕಾದ್ದನ್ನು ಆರಿಸಿ. ಅದು ಬೂಟ್ ಆದರೆ ಕೆಟ್ಟಿರುವುದು ಸರದಿ ಮಾತ್ರ. ಬಯಾಸ್‌ಗೆ ಹೋಗಿ ಬೂಟ್ ಸರದಿಯಲ್ಲಿ ಅದನ್ನು ಮೇಲಕ್ಕೆ ತಂದರೆ ಆಯಿತು.

ಕಳೆದ ವರ್ಷ ಸಾಗರದಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ವಿಂಡೋಸ್‌ನಲ್ಲಿ ಜಾಗ ಸಾಲದು ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಲಿನಕ್ಸ್ ಪಾರ್ಟಿಷನ್ ಡಿಲೀಟ್ ಮಾಡಿದ್ದಳು. ರೀಸ್ಟಾರ್ಟ್ ಆದಾಗ ‘ನೋ ಸಚ್ ಪಾರ್ಟಿಷನ್’. ಒಂದು ರಿಪೇರಿ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಬೇಕು, ಡೇಟಾ ಬರಲ್ಲ’ ಅಂದಿದ್ದರಂತೆ. ಎಂ.ಎಸ್ಸಿ. ಪ್ರಾಜೆಕ್ಟ್ ವರದಿ ಅದರಲ್ಲೇ ಇತ್ತು, ಬೇರೆಲ್ಲೂ ಕಾಪಿ ಇರಲಿಲ್ಲ. ಅಳುತ್ತಲೇ ಮಾತಾಡಿದಳು. ‘ಎಫ್12 ಒತ್ತುತ್ತಾ ಆನ್ ಮಾಡು, ಏನು ಕಾಣುತ್ತೆ ಓದು’ ಅಂದೆ. ಓದಿದಳು. ‘ಎರಡನೇದು ಆರಿಸು’ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಅಕ್ಕಾ, ಬಂತು’ ಅಂದಳು. ಆವತ್ತು ಅಂಗಡಿಯವರ ಮಾತು ಕೇಳಿ ಹೂಂ ಅಂದಿದ್ದರೆ ಎರಡು ವರ್ಷದ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಈ ಪುಟ ಬರೆಯಲು ಕೂತದ್ದೇ ಆ ಫೋನ್‌ನಿಂದ.

ಬೂಟ್ ಮ್ಯಾನೇಜರ್ ನಿಜವಾಗಿ ಎಲ್ಲಿ ಕೂತಿರುತ್ತದೆ?

ಇದಕ್ಕೆ ಎರಡು ಉತ್ತರ. ಯಾವುದು ನಿಮ್ಮದು ಅಂತ ಗೊತ್ತಾಗದೆ ರಿಪೇರಿಗೆ ಕೈ ಹಾಕಬಾರದು.

ಹಳೇ ಬಯಾಸ್ ಪದ್ಧತಿಯಲ್ಲಿ ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್‌ನಲ್ಲಿ ಇರುತ್ತದೆ. ಅದಕ್ಕೆ ಎಂಬಿಆರ್ ಅಂತ ಹೆಸರು, ಒಟ್ಟು 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡ್‌ಗೆ, 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಉಳಿದ 2 ಬೈಟ್ ಗುರುತಿಗೆ. ಅಷ್ಟು ಚಿಕ್ಕ ಜಾಗದಲ್ಲಿ ಒಬ್ಬರಿಗೇ ಎಡೆ. ಗ್ರಬ್ ಬಂದು ಕೂತರೆ ವಿಂಡೋಸ್‌ನ ಕೋಡ್ ಅಳಿಸಿಹೋಗುತ್ತದೆ, ವಿಂಡೋಸ್ ಬಂದು ಕೂತರೆ ಗ್ರಬ್ ಅಳಿಸಿಹೋಗುತ್ತದೆ. ‘ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್ ಹಾಕಿ’ ಅನ್ನುವ ಮಾತು ಬಂದದ್ದು ಇದರಿಂದಲೇ.

ಹೊಸ ಯುಇಎಫ್‌ಐ ಪದ್ಧತಿಯಲ್ಲಿ ಇದಕ್ಕೆಂದೇ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ. ಇಎಸ್‌ಪಿ ಅನ್ನುತ್ತಾರೆ, ಫ್ಯಾಟ್32 ಫಾರ್ಮ್ಯಾಟ್, ಸಾಮಾನ್ಯವಾಗಿ 100 ಎಂಬಿಯಿಂದ ಶುರು. ಅದರೊಳಗೆ ವಿಂಡೋಸ್‌ಗೆ ಒಂದು ಫೋಲ್ಡರ್, ಉಬುಂಟುಗೆ ಒಂದು ಫೋಲ್ಡರ್. ಒಬ್ಬರು ಇನ್ನೊಬ್ಬರ ಜಾಗ ತುಳಿಯಬೇಕಾಗಿಲ್ಲ. ಯಾರನ್ನು ಮೊದಲು ಕರೆಯಬೇಕು ಅನ್ನುವ ಪಟ್ಟಿ ಮಾತ್ರ ಮದರ್‌ಬೋರ್ಡ್‌ನ ನೆನಪಿನಲ್ಲಿ ಇರುತ್ತದೆ. ಅದಕ್ಕೇ ಯುಇಎಫ್‌ಐ ಯಂತ್ರಗಳಲ್ಲಿ ಬೂಟ್ ಮೆನುವಿನಿಂದಲೇ ಎಷ್ಟೋ ಸಲ ಕೆಲಸ ಮುಗಿದುಹೋಗುತ್ತದೆ.

ನನ್ನದು ಯಾವ ಪದ್ಧತಿ ಅಂತ ತಿಳಿಯುವುದು ಹೇಗೆ?

ವಿಂಡೋಸ್ ಏಳುತ್ತಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎಂಎಸ್‌ಇನ್ಫೋ32’ ಟೈಪ್ ಮಾಡಿ. ‘ಬಯಾಸ್ ಮೋಡ್’ ಎದುರು ಯುಇಎಫ್‌ಐ ಅಥವಾ ಲೆಗಸಿ (ಅಂದರೆ ಹಳೇ ಬಯಾಸ್ ಪದ್ಧತಿ) ಅಂತ ಇರುತ್ತದೆ. ಏಳುತ್ತಿಲ್ಲ ಅಂದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಡಿಸ್ಕ್ಸ್ ಅಪ್ಲಿಕೇಶನ್ ತೆರೆದು ನೋಡಿ. ಡಿಸ್ಕ್ ಜಿಪಿಟಿ (ಪಾರ್ಟಿಷನ್ ಪಟ್ಟಿ ಬರೆದಿಡುವ ಹೊಸ ರೀತಿ) ಆಗಿದ್ದರೆ ಅದರಲ್ಲಿರುವ ವಿಂಡೋಸ್ ಯುಇಎಫ್‌ಐನಲ್ಲೇ ಏಳುವಂಥದ್ದು. ಎಂಬಿಆರ್ ಆಗಿದ್ದರೆ ಹಳೇ ಪದ್ಧತಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ನೋಡಿದ ಕೇಸ್‌ಗಳಲ್ಲಿ ಜಾಸ್ತಿ ಇದೇ ತಪ್ಪು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ: ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ವಿಂಡೋಸ್ ಯುಇಎಫ್‌ಐನಲ್ಲಿ ಇದ್ದು, ಲಿನಕ್ಸ್ ಅನ್ನು ಗೊತ್ತಿಲ್ಲದೆ ಲೆಗಸಿಯಲ್ಲಿ ಹಾಕಿದರೆ ಎರಡೂ ಒಂದನ್ನೊಂದು ಗುರುತಿಸುವುದೇ ಇಲ್ಲ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಬರುವುದಿಲ್ಲ. ರಿಪೇರಿ ಮಾಡುವಾಗಲೂ ಅಷ್ಟೇ, ವಿಂಡೋಸ್ ಯಾವ ಪದ್ಧತಿಯಲ್ಲಿದೆಯೋ ಪೆನ್‌ಡ್ರೈವ್ ಕೂಡ ಅದೇ ಪದ್ಧತಿಯಲ್ಲಿ ಬೂಟ್ ಆಗಿರಬೇಕು.

ನನ್ನ ಹತ್ತಿರ ಪೆನ್‌ಡ್ರೈವ್ ಇಲ್ಲ. ‘ಗ್ರಬ್ ರೆಸ್ಕ್ಯೂ’ನಲ್ಲೇ ಏನಾದರೂ ಟೈಪ್ ಮಾಡಬಹುದಾ?

ಲಿನಕ್ಸ್ ಪಾರ್ಟಿಷನ್ ಇನ್ನೂ ಇದ್ದರೆ ಆಗುತ್ತದೆ. ಗ್ರಬ್‌ಗೆ ತನ್ನ ಉಳಿದ ಫೈಲ್‌ಗಳು ಎಲ್ಲಿವೆ ಅನ್ನುವುದು ತಪ್ಪಿಹೋಗಿದೆ, ನಾವು ತೋರಿಸಬೇಕು. ಪಾರ್ಟಿಷನ್ ಹಿಗ್ಗಿಸಿ ಕುಗ್ಗಿಸಿದ ಮೇಲೆ ಸಂಖ್ಯೆ ಬದಲಾದಾಗ ಹೀಗಾಗುವುದು ಜಾಸ್ತಿ.

ಮೊದಲು ‘ಎಲ್‌ಎಸ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. (ಎಚ್‌ಡಿ0,ಜಿಪಿಟಿ1), (ಎಚ್‌ಡಿ0,ಜಿಪಿಟಿ2) ಈ ಥರ ಪಟ್ಟಿ ಬರುತ್ತದೆ. ಹಳೇ ಡಿಸ್ಕ್ ಆದರೆ ಜಿಪಿಟಿ ಬದಲು ಎಂಎಸ್‌ಡಾಸ್ ಅಂತ ಇರುತ್ತದೆ. ಒಂದೊಂದನ್ನೇ ತೆರೆದು ನೋಡಿ:

ಎಲ್‌ಎಸ್ (ಎಚ್‌ಡಿ0,ಜಿಪಿಟಿ5)/ಬೂಟ್/ಗ್ರಬ್

‘ಅನ್‌ನೋನ್ ಫೈಲ್‌ಸಿಸ್ಟಂ’ ಅಂದರೆ ಅದಲ್ಲ, ಮುಂದಿನದು ನೋಡಿ. ವಿಂಡೋಸ್‌ನ ಪಾರ್ಟಿಷನ್‌ಗಳಿಗೆ ಹೀಗೇ ಹೇಳುತ್ತದೆ, ಅದು ಕೆಟ್ಟಿದೆ ಅಂತಲ್ಲ. ಫೈಲ್‌ಗಳ ಹೆಸರು ಬಂದರೆ ಸಿಕ್ಕಿತು. ಅದು 5 ಅಂತ ಇಟ್ಟುಕೊಳ್ಳೋಣ:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ5)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ5)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

‘ಇನ್ಸ್‌ಮಾಡ್’ ಅಂದರೆ ಐ, ಎನ್, ಎಸ್, ಎಂ, ಓ, ಡಿ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. ಮೆನು ಕಾಣಿಸಿಕೊಂಡರೆ ಲಿನಕ್ಸ್ ಆರಿಸಿ ಒಳಗೆ ಹೋಗಿ. ಇದು ಈ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ (ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಸುಡೋ ಗ್ರಬ್-ಇನ್‌ಸ್ಟಾಲ್’, ಆಮೇಲೆ ‘ಸುಡೋ ಅಪ್‌ಡೇಟ್-ಗ್ರಬ್’ ಕೊಟ್ಟರೆ ಪಕ್ಕಾ ಆಗುತ್ತದೆ. ಹಳೇ ಬಯಾಸ್ ಯಂತ್ರದಲ್ಲಿ ಮೊದಲನೆಯದರ ಕೊನೆಗೆ ಡಿಸ್ಕ್ ಹೆಸರು ಸೇರಿಸಬೇಕು: /ಡೆವ್/ಎಸ್‌ಡಿಎ. ಎಸ್‌ಡಿಎ1 ಅಲ್ಲ, ಎಸ್‌ಡಿಎ5 ಅಲ್ಲ, ಬರೀ ಎಸ್‌ಡಿಎ. ಸಂಖ್ಯೆ ಸೇರಿಸಿದರೆ ಪಾರ್ಟಿಷನ್ ಒಳಗೆ ಬರೆಯಲು ಹೋಗುತ್ತದೆ.

ಪೆನ್‌ಡ್ರೈವ್ ಇದೆ. ಸುಲಭದ ದಾರಿ ಯಾವುದು?

ಬೂಟ್ ರಿಪೇರ್. ಇದು ಲಿನಕ್ಸ್ ಮಿಂಟ್‌ನ ಲೈವ್ ಪೆನ್‌ಡ್ರೈವ್‌ನಲ್ಲಿ ಮೊದಲೇ ಇರುತ್ತದೆ. ಮೆನುವಿನಲ್ಲಿ ಅಡ್ಮಿನಿಸ್ಟ್ರೇಷನ್ ಅನ್ನುವಲ್ಲಿ ನೋಡಿ. ಪೆನ್‌ಡ್ರೈವ್ ಮಾಡಲು ಗೆಳೆಯರ ಕಂಪ್ಯೂಟರ್ ಸಾಕು. ಮಿಂಟ್‌ನ ಐಎಸ್‌ಓ ಫೈಲ್ ಇಳಿಸಿಕೊಂಡು ರೂಫಸ್ ಅಥವಾ ಬಲೇನಾ ಎಚರ್‌ನಿಂದ ಬರೆಯಿರಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ.

ಬೂಟ್ ಆದ ಮೇಲೆ ಇಂಟರ್‌ನೆಟ್ ಜೋಡಿಸಿ. ರಿಪೇರಿಗೆ ಮುಂಚೆ ಇನ್ನೊಂದು ಕೆಲಸ ಮಾಡಿಬಿಡಿ: ಫೈಲ್ ಮ್ಯಾನೇಜರ್ ತೆರೆದು ನಿಮ್ಮ ಮುಖ್ಯವಾದ ಫೋಲ್ಡರ್‌ಗಳನ್ನು ಬೇರೊಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಮದುವೆ ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಜಮೀನಿನ ಪಹಣಿ ಎಲ್ಲ ಅಲ್ಲಿ ಕಣ್ಣಿಗೆ ಕಂಡ ಮೇಲೆ ಎದೆ ಹಗುರಾಗುತ್ತದೆ. ಆಮೇಲೆ ರಿಪೇರಿ ಮಾಡುವಾಗ ಕೈ ನಡುಗುವುದಿಲ್ಲ.

ನಂತರ ಬೂಟ್ ರಿಪೇರ್ ತೆರೆದು ‘ರೆಕಮೆಂಡೆಡ್ ರಿಪೇರ್’ ಒತ್ತಿ. ಕೊನೆಯಲ್ಲಿ ಒಂದು ಕೊಂಡಿ ಕೊಡುತ್ತದೆ, ಬರೆದಿಟ್ಟುಕೊಳ್ಳಿ. ಸರಿಯಾಗದಿದ್ದರೆ ತಿಳಿದವರು ಆ ವರದಿ ನೋಡಿಯೇ ಹೇಳುತ್ತಾರೆ.

ಬೂಟ್ ರಿಪೇರ್‌ನಿಂದಲೂ ಆಗಲಿಲ್ಲ. ಕೈಯಾರೆ ಮಾಡುವುದು ಹೇಗೆ?

ಲೈವ್ ಪೆನ್‌ಡ್ರೈವ್‌ನಿಂದಲೇ ಒಳಗಿರುವ ಲಿನಕ್ಸ್‌ನ ಹೊಟ್ಟೆಯೊಳಗೆ ಹೊಕ್ಕು ಗ್ರಬ್ ಮತ್ತೆ ಹಾಕಬೇಕು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟರೆ ಯಾವ ಪಾರ್ಟಿಷನ್ ಯಾವುದು ಅಂತ ಕಾಣುತ್ತದೆ. ಎಕ್ಸ್ಟ್4 ಅಂತ ಇರುವುದು ಲಿನಕ್ಸ್, ವಿಫ್ಯಾಟ್ ಅಂತ ಇರುವ ಚಿಕ್ಕದು ಇಎಸ್‌ಪಿ. ಇಲ್ಲಿ ಅವು 5 ಮತ್ತು 1 ಅಂತ ಇಟ್ಟುಕೊಂಡಿದ್ದೇನೆ:

ಸುಡೋ ಮೌಂಟ್ /ಡೆವ್/ಎಸ್‌ಡಿಎ5 /ಎಂಎನ್‌ಟಿ
ಸುಡೋ ಮೌಂಟ್ /ಡೆವ್/ಎಸ್‌ಡಿಎ1 /ಎಂಎನ್‌ಟಿ/ಬೂಟ್/ಇಎಫ್‌ಐ
ಸುಡೋ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್
ಸುಡೋ ಮೌಂಟ್ --ಆರ್‌ಬೈಂಡ್ /ಪ್ರಾಕ್ /ಎಂಎನ್‌ಟಿ/ಪ್ರಾಕ್
ಸುಡೋ ಮೌಂಟ್ --ಆರ್‌ಬೈಂಡ್ /ಸಿಸ್ /ಎಂಎನ್‌ಟಿ/ಸಿಸ್
ಸುಡೋ ಸಿಎಚ್‌ರೂಟ್ /ಎಂಎನ್‌ಟಿ

‘ಸಿಸ್’ ಅಂದರೆ ಎಸ್, ವೈ, ಎಸ್. ‘ಪ್ರಾಕ್’ ಅಂದರೆ ಪಿ, ಆರ್, ಓ, ಸಿ. ಎನ್‌ವಿಎಂಇ ಡಿಸ್ಕ್ (ಹೊಸ ಬಗೆಯ ಎಸ್‌ಎಸ್‌ಡಿ) ಆದರೆ ಎಸ್‌ಡಿಎ5ರ ಬದಲು ಎನ್‌ವಿಎಂಇ0ಎನ್1ಪಿ5 ಅಂತ ಉದ್ದನೆಯ ಹೆಸರಿರುತ್ತದೆ. ಹಳೇ ಬಯಾಸ್ ಆದರೆ ಎರಡನೇ ಸಾಲು ಬೇಡ. ಈಗ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಮೇಲೆ ಹೇಳಿದ ಹಾಗೇ.

ಇದು ಉಬುಂಟು, ಮಿಂಟ್, ಡೆಬಿಯನ್‌ಗೆ. ಲಿನಕ್ಸ್‌ನ ಇನ್ನೊಂದು ಬಗೆಯಾದ ಫೆಡೋರಾದಲ್ಲಿ ಯುಇಎಫ್‌ಐ ಯಂತ್ರಕ್ಕೆ ಗ್ರಬ್2-ಇನ್‌ಸ್ಟಾಲ್ ಓಡಿಸಬೇಡಿ. ಅಲ್ಲಿ ಶಿಮ್ ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜ್‌ಗಳನ್ನು ಡಿಎನ್‌ಎಫ್ ಅನ್ನುವ ಅಲ್ಲಿನ ಕಮಾಂಡ್‌ನಿಂದ ಮರು ಇನ್‌ಸ್ಟಾಲ್ ಮಾಡುವುದೇ ಸರಿಯಾದ ಕ್ರಮ.

ನನಗೆ ಲಿನಕ್ಸ್ ಬೇಡವೇ ಬೇಡ. ವಿಂಡೋಸ್ ಮಾತ್ರ ಎದ್ದರೆ ಸಾಕು.

ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಹುಡುಕಿ, ಅಲ್ಲಿಂದ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ. ಹಳೇ ಬಯಾಸ್ ಆದರೆ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಒಂದೇ ಸಾಲು ಸಾಕಾಗುತ್ತದೆ.

ಯುಇಎಫ್‌ಐ ಆದರೆ ಅದು ಕೆಲಸಕ್ಕೆ ಬರುವುದಿಲ್ಲ. ವಿಡಿಯೋ ನೋಡಿ ‘ಬೂಟ್‌ರೆಕ್ /ಫಿಕ್ಸ್‌ಬೂಟ್’ ಕೊಟ್ಟು ‘ಆಕ್ಸೆಸ್ ಈಸ್ ಡಿನೈಡ್’ ಬಂತು ಅಂತ ಸುಸ್ತಾಗುವವರು ಬಹಳ. ಅದರ ಬದಲು ‘ಡಿಸ್ಕ್‌ಪಾರ್ಟ್’ ತೆರೆದು ‘ಲಿಸ್ಟ್ ವಾಲ್ಯೂಮ್’ ಕೊಡಿ. ಫ್ಯಾಟ್32 ಇರುವ ಚಿಕ್ಕ ವಾಲ್ಯೂಮ್‌ನ ಸಂಖ್ಯೆ ನೋಡಿ (ಪೆನ್‌ಡ್ರೈವ್ ಕೂಡ ಫ್ಯಾಟ್32 ಇರಬಹುದು, ಅಳತೆ ನೋಡಿ ಗುರುತಿಸಿ). ವಿಂಡೋಸ್ ಇರುವ ದೊಡ್ಡ ಪಾರ್ಟಿಷನ್‌ಗೆ ಇಲ್ಲಿ ಯಾವ ಅಕ್ಷರ ಇದೆ ಅಂತಲೂ ನೋಡಿಕೊಳ್ಳಿ. ರಿಪೇರಿ ಪರದೆಯಲ್ಲಿ ಅದು ಯಾವಾಗಲೂ ಸಿ ಆಗಿರುವುದಿಲ್ಲ. ಇಎಸ್‌ಪಿಯ ಸಂಖ್ಯೆ 3, ವಿಂಡೋಸ್‌ನ ಅಕ್ಷರ ಸಿ ಆಗಿದ್ದರೆ:

ಸೆಲೆಕ್ಟ್ ವಾಲ್ಯೂಮ್ 3
ಅಸೈನ್ ಲೆಟರ್=ಝಡ್
ಎಕ್ಸಿಟ್
ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ

ಬೂಟ್ ಫೈಲ್‌ಗಳು ಹೊಸದಾಗಿ ಕಾಪಿ ಆದವು ಅಂತ ಬರುತ್ತದೆ. ಡಿಸ್ಕ್‌ಪಾರ್ಟ್ ಒಳಗೆ ‘ಕ್ಲೀನ್’ ಅನ್ನುವ ಕಮಾಂಡ್ ಮಾತ್ರ ಅಪ್ಪಿತಪ್ಪಿಯೂ ಬೇಡ. ಪೂರ್ತಿ ಡಿಸ್ಕ್‌ನ ಪಾರ್ಟಿಷನ್ ಪಟ್ಟಿಯನ್ನೇ ಅಳಿಸಿಬಿಡುತ್ತದೆ.

ಲಿನಕ್ಸ್ ಏಳುತ್ತದೆ, ಆದರೆ ಗ್ರಬ್ ಮೆನುವಿನಲ್ಲಿ ವಿಂಡೋಸ್ ಇಲ್ಲ.

2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಸೌಲಭ್ಯವನ್ನು ಭದ್ರತೆಗಾಗಿ ಆಫ್ ಮಾಡಿಟ್ಟಿದ್ದಾರೆ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್ ತೆರೆದು ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಅನ್ನುವ ಸಾಲು ಸೇರಿಸಿ. ಸಮ ಚಿಹ್ನೆಗೆ ಮೊದಲಿನದು ದೊಡ್ಡಕ್ಷರ, ‘ಫಾಲ್ಸ್’ ಸಣ್ಣಕ್ಷರ. ಅದೇ ಸಾಲು ಮುಂದೆ ಹ್ಯಾಶ್ ಚಿಹ್ನೆಯೊಂದಿಗೆ ಇದ್ದರೆ ಹ್ಯಾಶ್ ತೆಗೆದರೆ ಸಾಕು. ಆಮೇಲೆ ಅಪ್‌ಡೇಟ್-ಗ್ರಬ್. ಆದರೂ ಬರದಿದ್ದರೆ ಯುಇಎಫ್‌ಐ–ಲೆಗಸಿ ಬೆರಕೆ ಆಗಿದೆಯಾ ನೋಡಿ.

ವಿಂಡೋಸ್ 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವ ಕೀಯನ್ನೂ ಇಟ್ಟಿರಲಿಲ್ಲ!

ಅದು ಬಿಟ್‌ಲಾಕರ್, ಡಿಸ್ಕ್‌ನಲ್ಲಿರುವುದನ್ನೆಲ್ಲ ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಾಗದಂತೆ ಆನ್ ಆಗಿರುತ್ತದೆ. ಬೂಟ್ ಆಗುವ ರೀತಿ ಬದಲಾದದ್ದು ಕಂಡು ಅದಕ್ಕೆ ಅನುಮಾನ ಬಂದಿದೆ. ಸೆಕ್ಯೂರ್ ಬೂಟ್ (ನಂಬಿಕೆಯ ಪ್ರೋಗ್ರಾಂಗಳನ್ನು ಮಾತ್ರ ಬೂಟ್ ಆಗಲು ಬಿಡುವ ಬಯಾಸ್ ಸೆಟ್ಟಿಂಗ್) ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ ನೋಡಿ, ಎಷ್ಟೋ ಸಲ ಸುಮ್ಮನಾಗುತ್ತದೆ. ಇಲ್ಲದಿದ್ದರೆ ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸ್ ಪಟ್ಟಿಯಲ್ಲಿ ರಿಕವರಿ ಕೀ ಹುಡುಕಿ. ಲ್ಯಾಪ್‌ಟಾಪ್ ಕೊಂಡ ದಿನ ಅಣ್ಣನೋ ಅಪ್ಪನೋ ತಮ್ಮ ಖಾತೆ ಹಾಕಿಕೊಟ್ಟಿರಬಹುದು. ಆಗ ಕೀ ಅವರ ಖಾತೆಯಲ್ಲಿ ಇರುತ್ತದೆ, ಅವರನ್ನೂ ಕೇಳಿ. ಕಠಿಣವಾದ ಮಾತು, ಆದರೆ ಹೇಳಲೇಬೇಕು: ಕೀ ಎಲ್ಲೂ ಸಿಗದಿದ್ದರೆ ಆ ಡೇಟಾ ಯಾರಿಂದಲೂ ತೆಗೆಯಲು ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಅಂತ ಮೇಲೆ ಬರೆದೆನಲ್ಲ, ಉಳಿದ ಒಂದರಲ್ಲಿ ಇದೂ ಸೇರಿದೆ.

ನಾನು ಏನೂ ಮಾಡಿಲ್ಲ, ಬರೀ ಅಪ್‌ಡೇಟ್ ಆಯಿತು. ಅಷ್ಟಕ್ಕೇ ಕೆಟ್ಟಿತು.

ನಿಜವೇ ಇರಬಹುದು. 2020ರ ಜುಲೈ ಕೊನೆಗೆ ಗ್ರಬ್‌ನಲ್ಲಿ ‘ಬೂಟ್‌ಹೋಲ್’ ಅನ್ನುವ ದೊಡ್ಡ ಲೋಪ ಸಿಕ್ಕಿ ಎಲ್ಲರಿಗೂ ಅಪ್‌ಡೇಟ್ ಬಂತು. ಹಳೇ ಬಯಾಸ್‌ನ ಕೆಲವು ಯಂತ್ರಗಳಲ್ಲಿ ಫೈಲ್‌ಗಳು ಹೊಸದಾದವು, ಎಂಬಿಆರ್‌ನಲ್ಲಿದ್ದ ತುಂಡು ಹಳೆಯದೇ ಉಳಿಯಿತು. ಎರಡಕ್ಕೂ ಹೊಂದದೆ ‘ಸಿಂಬಲ್ ಗ್ರಬ್_ಕ್ಯಾಲಕ್ ನಾಟ್ ಫೌಂಡ್’ ಅಂತ ನಿಂತವು. ಗ್ರಬ್-ಇನ್‌ಸ್ಟಾಲ್ ಅನ್ನು ಸರಿಯಾದ ಡಿಸ್ಕ್‌ಗೆ ಮತ್ತೆ ಕೊಟ್ಟರೆ ಮುಗಿಯಿತು.

2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎರಡು ಓಎಸ್ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದೆ ‘ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್’ ಅಂತ ಬಂದಿತ್ತು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್‌ಗೆ ಹೋಗಿ, ‘ಸುಡೋ ಮೋಕ್ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್’ ಕೊಟ್ಟು, ಒಮ್ಮೆ ಮತ್ತೆ ಲಿನಕ್ಸ್‌ಗೇ ಬೂಟ್ ಆಗಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಬೇಕು. ‘ಮೋಕ್ಯುಟಿಲ್’ ಅಂದರೆ ಎಂ, ಓ, ಕೆ, ಯು, ಟಿ, ಐ, ಎಲ್. ಎಸ್‌ಬ್ಯಾಟ್ ಅಂದರೆ ಎಸ್, ಬಿ, ಎ, ಟಿ. ಬಿಟ್‌ಲಾಕರ್ ಇದ್ದರೆ ಸೆಕ್ಯೂರ್ ಬೂಟ್ ಮುಟ್ಟುವ ಮೊದಲೇ ಕೀ ಹತ್ತಿರ ಇಟ್ಟುಕೊಳ್ಳಿ. ಲಿನಕ್ಸ್ ಅನ್ನು ಅಪ್‌ಡೇಟ್ ಮಾಡುವುದನ್ನೂ ಮರೆಯಬೇಡಿ.

ಲಿನಕ್ಸ್ ಅನ್ನು ಹೊರಗಿನ ಎಸ್‌ಎಸ್‌ಡಿಗೆ ಹಾಕಿದ್ದೆ. ಅದನ್ನು ಕಿತ್ತರೆ ಕಂಪ್ಯೂಟರ್ ಏಳುವುದೇ ಇಲ್ಲ!

ಉಬುಂಟುವಿನ ಹಳೇ ಇನ್‌ಸ್ಟಾಲರ್‌ಗೆ ಒಂದು ಕೆಟ್ಟ ಚಾಳಿ. ನೀವು ಹೊರಗಿನ ಡಿಸ್ಕ್ ಆರಿಸಿದರೂ ಬೂಟ್ ಲೋಡರ್ ಅನ್ನು ಒಳಗಿನ ಡಿಸ್ಕ್‌ನ ಇಎಸ್‌ಪಿಯಲ್ಲೇ ಇಡುತ್ತದೆ. ಕಿತ್ತಾಗ ಅದಕ್ಕೆ ತನ್ನ ಉಳಿದ ಫೈಲ್‌ಗಳು ಸಿಗುವುದಿಲ್ಲ. ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿ, ಬಯಾಸ್‌ನಲ್ಲಿ ಅದನ್ನೇ ಮೊದಲಿಗೆ ಇಡಿ.

ಇನ್‌ಸ್ಟಾಲರ್‌ಗೆ ಹಾರ್ಡ್‌ಡಿಸ್ಕ್ ಕಾಣಲಿಲ್ಲ ಅಂತ ಬಯಾಸ್‌ನಲ್ಲಿ ಎಎಚ್‌ಸಿಐಗೆ ಬದಲಿಸಿದೆ. ಈಗ ವಿಂಡೋಸ್‌ನಲ್ಲಿ ನೀಲಿ ಪರದೆ.

ಎಎಚ್‌ಸಿಐ ಅಂದರೆ ಯಂತ್ರ ಡಿಸ್ಕ್ ಜೊತೆ ಮಾತಾಡುವ ಒಂದು ರೀತಿ. ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗಿ, ವಿಂಡೋಸ್ ಎದ್ದುಬಿಡುತ್ತದೆ. ಬದಲಿಸಲೇಬೇಕಿದ್ದರೆ ಒಂದು ಕ್ರಮ ಇದೆ. ವಿಂಡೋಸ್‌ನಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ‘ಬಿಸಿಡಿಎಡಿಟ್ /ಸೆಟ್ ಸೇಫ್‌ಬೂಟ್ ಮಿನಿಮಲ್’ ಕೊಡಿ. ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ‘ಬಿಸಿಡಿಎಡಿಟ್ /ಡಿಲೀಟ್‌ವ್ಯಾಲ್ಯೂ ಸೇಫ್‌ಬೂಟ್’ ಕೊಟ್ಟು ಮತ್ತೆ ರೀಸ್ಟಾರ್ಟ್ ಮಾಡಿ.

ಪಾರ್ಟಿಷನ್‌ಗಳೇ ಕಾಣುತ್ತಿಲ್ಲ. ಇನ್‌ಸ್ಟಾಲರ್‌ನಲ್ಲಿ ತಪ್ಪು ಬಟನ್ ಒತ್ತಿದೆ ಅನಿಸುತ್ತದೆ.

ಕೂಡಲೇ ಆ ಡಿಸ್ಕ್‌ಗೆ ಏನನ್ನೂ ಬರೆಯುವುದು ನಿಲ್ಲಿಸಿ. ಬರೀ ಪಟ್ಟಿ ಅಳಿಸಿದ್ದರೆ ಒಳಗಿನ ಫೈಲ್‌ಗಳು ಇನ್ನೂ ಇರುತ್ತವೆ. ಲೈವ್ ಪೆನ್‌ಡ್ರೈವ್‌ನಲ್ಲಿ ಟೆಸ್ಟ್‌ಡಿಸ್ಕ್ ಹಾಕಿಕೊಂಡು ‘ಅನಲೈಸ್’ ಕೊಟ್ಟರೆ ಕಳೆದ ಪಾರ್ಟಿಷನ್‌ಗಳನ್ನು ಹುಡುಕುತ್ತದೆ. ಸಿಕ್ಕಿದ ಪಾರ್ಟಿಷನ್ ಮೇಲೆ ಪಿ ಒತ್ತಿದರೆ ಒಳಗಿನ ಫೈಲ್‌ಗಳು ಕಾಣುತ್ತವೆ. ಮೊದಲು ಅವನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೆ ‘ರೈಟ್’. ಇನ್‌ಸ್ಟಾಲ್ ಪೂರ್ತಿ ಮುಗಿದುಹೋಗಿದ್ದರೆ ಅದರ ಮೇಲೆ ಹೊಸದು ಬರೆದಾಗಿದೆ. ಆಗ ಫೋಟೋರೆಕ್‌ನಿಂದ ಅಷ್ಟೋ ಇಷ್ಟೋ ಸಿಗುತ್ತದೆ, ಹೆಸರಿಲ್ಲದ ಫೈಲ್‌ಗಳಾಗಿ.

ಎಲ್ಲ ಸರಿಯಾಯಿತು. ಆದರೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಇದೆ.

ಇದು ಕೆಟ್ಟದ್ದಲ್ಲ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಂತ ಓದುತ್ತದೆ, ವಿಂಡೋಸ್ ನಮ್ಮ ಊರಿನ ಸಮಯ ಅಂತ ಓದುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ. ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ.

ಮುಂದಿನ ಸಲ ಹಾಕುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಲಿ?

ಮುಖ್ಯ ಫೈಲ್‌ಗಳ ಕಾಪಿ ಹೊರಗಿನ ಡಿಸ್ಕ್‌ನಲ್ಲಿ. ಬಿಟ್‌ಲಾಕರ್ ಕೀ ಕಾಗದದ ಮೇಲೆ, ಪೆನ್ನಿನಲ್ಲಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ (ಅಡ್ಮಿನ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’). ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇರುತ್ತದೆ, ಲಿನಕ್ಸ್‌ನಿಂದ ಆ ಪಾರ್ಟಿಷನ್‌ಗೆ ಬರೆಯಲು ಆಗುವುದಿಲ್ಲ. ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್. ಬೂಟ್ ಮೆನು ಯಾವ ಕೀಗೆ ಬರುತ್ತದೆ ಅಂತ ಮೊದಲೇ ಒತ್ತಿ ನೋಡಿ, ಆ ಕೀ ಹೆಸರನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ನ ಅಡಿಗೆ ಅಂಟಿಸಿ.